ಪೋಲಿಷ್ ಕಲಿಯೋಕೆ ಇಂಗ್ಲಿಷ್ ಮೇಲೆ ಹಾದು ಹೋಗಬೇಕಾ?

ಪೋಲಿಷ್ ತುಂಬಾ ಕಷ್ಟ ಅನ್ನುವವರಲ್ಲಿ ಜಾಸ್ತಿ ಜನ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡಿ ಹೆದರಿದವರು. ಕಿವಿಗೊಟ್ಟು ಕೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಕನ್ನಡ ಬಲ್ಲವರಿಗೆ ಆ ಭಾಷೆಯ ಅರ್ಧ ಕಷ್ಟ ಕಷ್ಟವೇ ಅಲ್ಲ ಅನ್ನೋದು ನನ್ನ ವಾದ. ಒಪ್ಪದವರು ಕೆಳಗೆ ಬರೆಯಿರಿ, ಜಗಳ ಆಡೋಣ.

ನಾನಿರೋದು ಹಾಸನದಲ್ಲಿ, ಮಗಳಿರೋದು ಪೋಲೆಂಡಿನಲ್ಲಿ. ಅಳಿಯ ಅಲ್ಲಿಯವನೇ. ಅವನ ಜೊತೆ ಇಂಗ್ಲಿಷಲ್ಲಿ ಹೇಗೋ ನಡೆಯುತ್ತದೆ. ಆದರೆ ನಮ್ಮ ಬೀಗಿತ್ತಿಗೆ ಪೋಲಿಷ್ ಬಿಟ್ಟು ಬೇರೆ ಬರುವುದಿಲ್ಲ. ವೀಡಿಯೊ ಕಾಲ್‌ನಲ್ಲಿ ಇಬ್ಬರೂ ಕೈ ಆಡಿಸಿಕೊಂಡು, ಸುಮ್ನೆ ನಕ್ಕೊಂಡು ಎಷ್ಟು ದಿನ ಅಂತ ಕೂರೋದು? ಊರಲ್ಲಿ ಪೋಲಿಷ್ ಹೇಳಿಕೊಡುವವರು ನನಗಂತೂ ಸಿಗಲಿಲ್ಲ. ಯೂಟ್ಯೂಬೇ ಗತಿ ಅಂತ ಶುರು ಮಾಡಿದೆ.

ಸ್ಟುಡಿಯೊದಲ್ಲಿ ಮಾಡಿದ ಪಾಠಗಳನ್ನು ಬೇಗ ಬಿಟ್ಟೆ. ಹಿಂದೆ ಸಂಗೀತ, ಮುಂದೆ ನಗುಮುಖದ ಟೀಚರ್, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ಹಾಗೆ ಯಾರ ಮನೆಯಲ್ಲೂ ಮಾತಾಡೋದಿಲ್ಲ. ಅಲ್ಲಿಗೆ ಓದೋಕೆ, ಕೆಲಸಕ್ಕೆ ಹೋದ ನಮ್ಮ ದೇಶದ ಹುಡುಗರು ಮಾಡುವ ವೀಡಿಯೊಗಳೂ ಬೇಕಾದಷ್ಟಿವೆ. ಬಾಡಿಗೆ ಮನೆ, ಟ್ರಾಮ್ ಟಿಕೆಟ್, 'ಕಾರ್ತಾ ಪೊಬಿತು' ಅನ್ನೋ ವಾಸದ ಕಾರ್ಡು, ಇಂಥದ್ದಕ್ಕೆಲ್ಲ ಅವು ಚಿನ್ನ. ಉಚ್ಚಾರಣೆಗೆ ಮಾತ್ರ ನಂಬಬೇಡಿ. ನಾನು ನೋಡಿದವರಲ್ಲಿ ಸುಮಾರು ಜನ ಇಂಗ್ಲಿಷ್ ಅಕ್ಷರ ನೋಡಿಕೊಂಡು ಹಿಂದಿ ಬಾಯಲ್ಲಿ ಹೇಳುತ್ತಾರೆ.

ನನಗೆ ನಿಜವಾದ ಪಾಠ ಆಗಿದ್ದು ಪಿಯೆರೋಗಿ ಮಾಡುವ ಒಬ್ಬ ಹೆಂಗಸಿನಿಂದ. ಆಕೆ ಭಾಷೆ ಕಲಿಸೋಕೆ ಕೂತವರೇ ಅಲ್ಲ. ಪಿಯೆರೋಗಿ ಅಂದರೆ ಕರ್ಜಿಕಾಯಿ ಆಕಾರದಲ್ಲಿ ಮಡಚಿ ನೀರಲ್ಲಿ ಬೇಯಿಸುವ ತಿಂಡಿ. ಒಳಗೆ ಆಲೂಗಡ್ಡೆ, ಈರುಳ್ಳಿ, ಹುಳಿ ಹಾಲಿನಿಂದ ಮಾಡಿದ 'ತ್ಫಾರುಕ್'. ಫೋನನ್ನು ಯಾವುದೋ ಡಬ್ಬಕ್ಕೆ ಒರಗಿಸಿದ್ದಾರೆ, ಆಗಾಗ ಜಾರುತ್ತದೆ, ಅರ್ಧ ನಿಮಿಷ ಬರೀ ಸೂರು ಕಾಣುತ್ತದೆ. ಹಿಟ್ಟಿಗೆ ಕೈ ಹಾಕಿ 'ಮೊಂಕಾ' ಅನ್ನುತ್ತಾರೆ. ನೀರು ಹೊಯ್ದು 'ವೊದಾ'. ಚಿಟಿಕೆ ಉಪ್ಪಿಗೆ 'ಸುಲ್'. ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮುಚ್ಚುತ್ತಾ 'ಓ, ತಾಕ್' ಅಂದಾಗ ಅರ್ಥ ಯಾರೂ ಹೇಳಬೇಕಾಗಿಲ್ಲ. ಈರುಳ್ಳಿ ಹೆಚ್ಚುತ್ತಾ ಮೂಗು ಸೇದಿಕೊಂಡು 'ತ್ಸೆಬೂಲಾ' ಅಂತ ಬೈದ ಹಾಗೆ ಹೇಳಿದ್ದು ನನಗೆ ಈ ಜನ್ಮದಲ್ಲಿ ಮರೆಯೋದಿಲ್ಲ.

ಆಕೆ ಮಾತು ಮಾತಿಗೂ 'ನೋ' ಅನ್ನುತ್ತಾರೆ. ಅದು ಇಂಗ್ಲಿಷಿನ ನೋ ಅಲ್ಲ. ನಮ್ಮ 'ಹೂಂ', 'ಸರಿ ಮತ್ತೆ' ಅನ್ನೋದರ ಜಾಗದಲ್ಲಿ ಬರುವ ಮಾತು. ಇಲ್ಲ, ಬೇಡ ಅನ್ನೋಕೆ ಅವರಲ್ಲಿ 'ನ್ಯೆ'. ಬೀಗಿತ್ತಿ ಫೋನಲ್ಲಿ 'ನೋ, ನೋ' ಅನ್ನುವಾಗ ನನ್ನ ಮಾತು ಒಪ್ಪುತ್ತಿದ್ದಾರೆ ಅಂತ ಯಾವ ಸ್ಟುಡಿಯೊ ಪಾಠವೂ ನನಗೆ ಹೇಳಿರಲಿಲ್ಲ. ಪಿಯೆರೋಗಿ ಹೇಳಿತು.

ಕಾಡಲ್ಲಿ ಅಣಬೆ ಆರಿಸುವ ವೀಡಿಯೊಗಳೂ ಹೀಗೆಯೇ. ಮಳೆಗಾಲದಲ್ಲಿ ನಮ್ಮ ಸಕಲೇಶಪುರದ ಕಡೆ ಅಣಬೆಗೆ ಹೋಗುತ್ತಾರಲ್ಲ, ಪೋಲೆಂಡಿನವರಿಗೆ ಶರತ್ಕಾಲದಲ್ಲಿ ಅದೇ ಹುಚ್ಚು. ಎಲೆ ಸರಿಸೋದು, ಬುಡ ಕೊಯ್ಯೋದು, ಹುಳ ಇದೆಯಾ ನೋಡೋದು, ಎಲ್ಲಕ್ಕೂ ಮಾತು ಸಿಗುತ್ತದೆ.

ಈಗ ಉಚ್ಚಾರಣೆಗೆ ಬರೋಣ. ಶಾಲೆಯಲ್ಲಿ ಶಂಖದ ಶ ಬೇರೆ, ಹೊಟ್ಟೆ ಸೀಳಿದ ಷ ಬೇರೆ ಅಂತ ಬರೆಸಿದರು. ಬಾಯಲ್ಲಿ ನಾವು ಎರಡನ್ನೂ ಒಂದು ಮಾಡಿಬಿಟ್ಟಿದ್ದೇವೆ. ಪೋಲಿಷ್ ಜನ ಅವನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ಎಸ್ ಪಕ್ಕ ಝಡ್ ಬಂದರೆ ನಾಲಿಗೆ ಹಿಂದಕ್ಕೆ ಸರಿಯುವ ಷ. ಎಸ್ ತಲೆ ಮೇಲೆ ಗೀರು ಇದ್ದರೆ, ಇಲ್ಲವೇ ಪಕ್ಕದಲ್ಲಿ ಐ ಇದ್ದರೆ ಮೆತ್ತಗಿನ ಶ. 'ಪ್ರೊಷೆ' ಅಂದರೆ ದಯವಿಟ್ಟು, 'ಪ್ರೊಶೆ' ಅಂದರೆ ಹಂದಿಮರಿ. 'ಕಾಷಾ' ಅನ್ನೋದು ಬೇಯಿಸಿದ ಧಾನ್ಯದ ಗಂಜಿ, 'ಕಾಶಾ' ಹುಡುಗಿಯ ಹೆಸರು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದ, ಹಾಗಾಗಿ ಇಂಗ್ಲಿಷ್ ಪಾಠಗಳು ಇಲ್ಲಿ ಒದ್ದಾಡುತ್ತವೆ. ನಮಗೆ ಅಕ್ಷರ ರೆಡಿ ಇದೆ, ನಾಲಿಗೆಗೆ ನೆನಪು ಮಾಡಿಕೊಟ್ಟರೆ ಸಾಕು. ಆ ದೇಶದ ರಾಜಧಾನಿಯ ಹೆಸರೇ ವರ್ಷಾವಾ. ವಾರ್ಸಾ ಅಂತ ನಾವು ಹೇಳೋದು ಇಂಗ್ಲಿಷಿನ ಕೃಪೆ.

ಇದಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಸೊನ್ನೆ. ಅಂಬಾರಿ, ಅಂದ, ಅಂಗಡಿ, ಮೂರನ್ನೂ ಒಮ್ಮೆ ಹೇಳಿ ನೋಡಿ. ಬರೆಯೋದು ಒಂದೇ ಸೊನ್ನೆ, ಬಾಯಲ್ಲಿ ಮೂರು ಥರ. ಮುಂದಿನ ಅಕ್ಷರ ಎಲ್ಲಿ ಹುಟ್ಟುತ್ತದೋ ಸೊನ್ನೆಯೂ ಅಲ್ಲಿಗೇ ಹೋಗುತ್ತದೆ. ಪೋಲಿಷಿನಲ್ಲಿ ಬಾಲ ಇರುವ ಎರಡು ಸ್ವರಗಳಿವೆ. ಒಂದು 'ಒಂ', ಇನ್ನೊಂದು 'ಎಂ'. ಅವೂ ಪದದ ನಡುವೆ ಹೀಗೆಯೇ ನಡೆದುಕೊಳ್ಳುತ್ತವೆ. 'ದೊಂಪ್' ಅಂದರೆ ಓಕ್ ಮರ, 'ಕೊಂತ್' ಅಂದರೆ ಮೂಲೆ, 'ರೆಂಕಾ' ಅಂದರೆ ಕೈ. ಬೇರೆ ಬೇರೆ ನಿಯಮ ಅಂತ ಇಂಗ್ಲಿಷ್ ವೀಡಿಯೊದಲ್ಲಿ ಪಟ್ಟಿ ಹಾಕಿ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಸುತ್ತಿ ಮುಗಿಸಿದೆ. ಅವರ ತ, ದ ಕೂಡ ನಮ್ಮ ಹಾಗೆ ಹಲ್ಲಿಗೆ ತಾಗುವ ತ, ದ. ಪ, ಕಗಳಲ್ಲಿ ಇಂಗ್ಲಿಷಿನ ಹಾಗೆ ಉಸಿರು ಉಗುಳೋದಿಲ್ಲ. ರ ಅಂತೂ ನಮ್ಮದೇ.

ಹಾಗಂತ ಕನ್ನಡ ಲಿಪಿಯಲ್ಲಿ ಎಲ್ಲಾ ಸರಿಹೋಗುತ್ತದೆ ಅಂತಲ್ಲ. ವ ಕೈಕೊಡುತ್ತದೆ. ಪೋಲಿಷಿನಲ್ಲಿ ಎರಡು ವ. ಡಬ್ಲ್ಯೂ ಬರೆದರೆ ಹಲ್ಲು ತುಟಿಗೆ ತಾಗುವ ವ. ಅಡ್ಡಗೆರೆ ಎಳೆದ ಎಲ್ ಬಂದರೆ ತುಟಿ ಉರುಟು ಮಾಡುವ ವ. 1983ರಲ್ಲಿ ಶಾಂತಿ ನೊಬೆಲ್ ಪಡೆದು, 1990ರಲ್ಲಿ ಅಧ್ಯಕ್ಷರಾದ ಕಾರ್ಮಿಕ ನಾಯಕರನ್ನು ಲೆಕ್ ವಲೇಸಾ ಅಂತ ಓದಿದ ನೆನಪು ನನ್ನ ವಯಸ್ಸಿನವರಿಗೆ ಇರುತ್ತದೆ. ಅವರ ಊರಲ್ಲಿ ಅವರು ಲೆಹ್ ವವೆಂಸಾ. ಮೊದಲ ವ ಒಂದು ಥರ, ಎರಡನೆಯದು ಇನ್ನೊಂದು ಥರ. ವಿಜ್ಞಾನದ ಪುಸ್ತಕದ ಮೇರಿ ಕ್ಯೂರಿಯ ತವರಿನ ಮನೆತನದ ಹೆಸರು ಸ್ಕ್ವೊದೊಫ್ಸ್ಕಾ. ಮಗಳಿರುವ ಊರನ್ನು ನೆಂಟರೆಲ್ಲ ವ್ರೋಕ್ಲಾ ಅನ್ನುತ್ತಾರೆ, ಅದು ವ್ರೊತ್ಸ್ವಾಫ್. ನಾನು ಆ ಎರಡನೇ ವ ಕೆಳಗೆ ಚುಕ್ಕೆ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಸ್ವರ ಇದೆ, ವೈ ಅಕ್ಷರದ್ದು. ಇ ಅನ್ನುವ ಹಾಗೆ ಬಾಯಿ ಇಟ್ಟು ನಾಲಿಗೆಯನ್ನು ಸ್ವಲ್ಪ ಹಿಂದಕ್ಕೆ ಎಳೆಯಬೇಕು. ನಾವು, ನನಗೆ ಅನ್ನೋದಕ್ಕೆ ಅವರಲ್ಲಿ ಇರೋ ವ್ಯತ್ಯಾಸ ಈ ಒಂದೇ ಸ್ವರ, ಎರಡೂ ನಮ್ಮ ಕಿವಿಗೆ 'ಮಿ' ಅಂತಲೇ ಕೇಳುತ್ತವೆ. ತುಳು ಮನೆಮಾತಿನವರಿಗೆ ಪದದ ಕೊನೆಯ ಅರೆ ಉಕಾರದ ಅಭ್ಯಾಸ ಇರುವುದರಿಂದ ಇದು ಸ್ವಲ್ಪ ಬೇಗ ಬರಬಹುದು. ಹ ಬಗ್ಗೆ ನಾನು ಹೇಳೋದು ಬೇಡ. ಹಾಸನವನ್ನು 'ಆಸನ' ಮಾಡಿದವರು ನಾವು. 'ಹ್ಲೆಪ್' ಅಂದರೆ ಬ್ರೆಡ್, ಅದರ ಹ ಗಂಟಲಿಂದ ಬರಬೇಕು.

ನಾಲಿಗೆ ಹೊರಳೋಕೆ ಚಿಕ್ಕಮಗಳೂರು ಜಿಲ್ಲೆಯವರಿಗೆ ಹುಟ್ಟಿನಿಂದಲೇ ತಾಲೀಮು ಇದೆ, ಅಲ್ವಾ? ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು. ಪೋಲಿಷ್ ಮಕ್ಕಳು ಇದಕ್ಕೆ ಸರಿಜೋಡಿ ಒಂದು ಹೇಳುತ್ತಾರೆ: 'ಕ್ರುಲ್ ಕಾರೊಲ್ ಕೂಪಿವ್ ಕ್ರುಲೋವೆಯ್ ಕರೊಲೀನ್ಯೆ ಕೊರಾಲೆ ಕೊಲೋರು ಕೊರಲೊವೇಗೊ.' ರಾಜ ಕಾರೊಲ್ ರಾಣಿ ಕರೊಲೀನಾಗೆ ಹವಳದ ಬಣ್ಣದ ಮಣಿಸರ ತಂದನಂತೆ. ಅದೇ ಕ, ಅದೇ ರ. ನಮ್ಮ ಕುರಿ ಮೇಯಿಸಿದವರಿಗೆ ಆ ಮಣಿಸರ ಭಾರ ಆಗೋದಿಲ್ಲ.

ವ್ಯಾಕರಣದಲ್ಲಿ ಏಳು ವಿಭಕ್ತಿ ಅಂತ ಇಂಗ್ಲಿಷ್ ವೀಡಿಯೊದವರು ಗೋಳಾಡುತ್ತಾರೆ. ನಾವು ಹಾಸನಕ್ಕೆ, ಹಾಸನದಲ್ಲಿ, ಹಾಸನದಿಂದ ಅನ್ನೋದಿಲ್ವಾ? ಊರಿನ ಹೆಸರಿಗೂ ಬಾಲ ಬದಲಾಗುತ್ತದೆ ಅಂದರೆ ನಮಗೇನು ಆಶ್ಚರ್ಯ? ಕಾಫಿ 'ಕಾವಾ', ಕಾಫಿ ಕುಡೀತೀನಿ ಅಂದರೆ 'ಪಿಯೆ ಕಾವೆ', ಕಾಫಿ ಇಲ್ಲ ಅಂದರೆ 'ನ್ಯೆ ಮಾ ಕಾವಿ'. ಬಾಲ ಬದಲಾಗೋದು ನಮಗೆ ಹೊಸದಲ್ಲ, ಆದರೆ ಅವರ ಬಾಲಗಳು ನೂರೆಂಟು. ಗಂಡು, ಹೆಣ್ಣು, ನಪುಂಸಕಕ್ಕೆ ಬೇರೆ ಬೇರೆ. ಅದನ್ನು ಅಡುಗೆ ವೀಡಿಯೊ ನೋಡಿ ಕಲಿಯೋಕೆ ಆಗೋದಿಲ್ಲ, ಪುಸ್ತಕ ಹಿಡಿಯಲೇಬೇಕು.

ವೀಡಿಯೊದ ದೊಡ್ಡ ಕೊರತೆ ಅಂದರೆ ಅದು ನಮ್ಮ ಮಾತು ಕೇಳಿಸಿಕೊಳ್ಳೋದಿಲ್ಲ. ನಾನು ವೇಗವನ್ನು 0.75ಕ್ಕೆ ಇಳಿಸಿ, ಒಂದು ಸಾಲು ಕೇಳಿ, ಫೋನಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ, ಅಳಿಯನಿಗೆ ವಾಟ್ಸಾಪ್ ಮಾಡುತ್ತೇನೆ. ಅವನು ಎಲ್ಲದಕ್ಕೂ 'ಸೂಪರ್' ಅನ್ನುತ್ತಾನೆ. ಅತ್ತೆಗೆ ತಪ್ಪು ಅನ್ನುವ ಅಳಿಯ ಯಾವ ದೇಶದಲ್ಲಿದ್ದಾನೆ? ಮೊಮ್ಮಗಳಿಗೆ ಆ ದಾಕ್ಷಿಣ್ಯ ಇಲ್ಲ. 'ಅಜ್ಜಿ, ಹಾಗಲ್ಲ' ಅಂತ ಬಾಯಿ ಅಗಲಿಸಿ, ನಾಲಿಗೆ ಎಲ್ಲಿ ಇಡಬೇಕು ಅಂತ ಕ್ಯಾಮೆರಾಗೆ ಮುಖ ತಂದು ತೋರಿಸುತ್ತಾಳೆ. ಪರದೆ ತುಂಬಾ ನಾಲಿಗೆ.

ಒಂದು ತಿಂಗಳಲ್ಲಿ ಪೋಲಿಷ್ ಕಲಿಸುತ್ತೇವೆ, ಕೆಲಸನೂ ಕೊಡಿಸುತ್ತೇವೆ ಅಂತ ಫೀಸು ಕೇಳುವವರ ಹತ್ರ ಹೋಗುವ ಹುಡುಗರಿಗೆ ಒಂದು ಮಾತು. ಅಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕೋಕೆ ಸಾಮಾನ್ಯವಾಗಿ ಬಿ1, ಅಂದರೆ ನಡುಮಟ್ಟದ ಪೋಲಿಷ್ ಬರುತ್ತದೆ ಅಂತ ತೋರಿಸಬೇಕು. ಅದು ತಿಂಗಳ ಕೆಲಸ ಅಲ್ಲ. ಫೀಸು ಕಟ್ಟುವ ಮುಂಚೆ ನಿಮ್ಮ ಮೇಷ್ಟ್ರ ಬಾಯಲ್ಲಿ 'ಪ್ರೊಷೆ', 'ಪ್ರೊಶೆ' ಎರಡನ್ನೂ ಹೇಳಿಸಿ ಕೇಳಿ. ಒಂದೇ ಥರ ಕೇಳಿಸಿದರೆ ಎದ್ದು ಬನ್ನಿ.

ಅಲ್ಲಿರುವ ನಮ್ಮ ಕನ್ನಡದ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಕನ್ನಡದಲ್ಲಿ ಹೇಳಿಕೊಡುವ ವೀಡಿಯೊ ಮಾಡಿ. ಪೋಲಿಷ್ ಪದವನ್ನು ಕನ್ನಡ ಅಕ್ಷರದಲ್ಲೇ ಬರೆದು ತೋರಿಸಿ. ಪಕ್ಕದಲ್ಲಿ ಅಲ್ಲಿಯವರೊಬ್ಬರನ್ನು ಕೂರಿಸಿಕೊಂಡು ಅವರ ಬಾಯಲ್ಲೇ ಹೇಳಿಸಿ. ಮೈಕು, ಲೈಟು, ಸಂಗೀತ ಏನೂ ಬೇಡ. ಹಿಂದೆ ಕುಕ್ಕರ್ ಕೂಗಿದರೂ ನಾನು ಲೈಕ್ ಒತ್ತುತ್ತೇನೆ.