ಪ್ರೆಸ್ ಶಾಪಿನ ಬೆರಳು, ಗಂಟೆಯ ಟಾರ್ಗೆಟ್

ಬಿಡದಿ, ನರಸಾಪುರ, ಬೊಮ್ಮಸಂದ್ರ, ಪೀಣ್ಯ, ಗಡಿಯಾಚೆಯ ಹೊಸೂರು. ಗಾಡಿಗಳ ಬಿಡಿಭಾಗ ಮಾಡುವ ಕಂಪನಿಗಳಿಗೆ ಐಟಿಐ, ಡಿಪ್ಲೊಮಾ ಮುಗಿಸಿದವರು, ಪಿಯುಸಿಗೇ ನಿಲ್ಲಿಸಿದವರು ವರ್ಷವಿಡೀ ಸೇರುತ್ತಲೇ ಇರುತ್ತಾರೆ. ಮನೆಯವರು ಕೇಳುವುದು ಸಂಬಳ ಎಷ್ಟು, ಕ್ಯಾಂಟೀನ್ ಇದೆಯಾ, ಬಸ್ ಬರುತ್ತಾ ಅಂತ. ಯಾವ ಮಷಿನ್ ಮೇಲೆ ಹಾಕ್ತಾರೆ ಅಂತ ಯಾರೂ ಕೇಳುವುದಿಲ್ಲ. ಅದನ್ನೇ ಮೊದಲು ಕೇಳಬೇಕು. ಉತ್ತರ ‘ಪ್ರೆಸ್ ಶಾಪ್’, ಅಂದರೆ ಲೋಹದ ಶೀಟನ್ನು ಹೊಡೆದು ಕತ್ತರಿಸುವ, ಬಾಗಿಸುವ ಮಷಿನ್‌ಗಳ ವಿಭಾಗ ಎಂದಾದರೆ ಈ ಬರಹ ಪೂರ್ತಿ ಓದಿ.

ಪ್ರೆಸ್‌ನಲ್ಲಿ ಬೆರಳು ಹೋದಾಗ ಅಪಘಾತದ ವರದಿಯಲ್ಲಿ ಬರೆಯುವ ಸಾಲು ಸಾಮಾನ್ಯವಾಗಿ ಒಂದೇ: ‘ಆಪರೇಟರ್ ಅಜಾಗರೂಕತೆ’. ನಾನು ಇದನ್ನು ಒಪ್ಪುವುದಿಲ್ಲ. ಆ ಬೆರಳು ಡೈ (ಪೀಸಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಗುವ ದಾರಿ ಬಹಳ ಹಿಂದೆಯೇ, ಪೀಸ್ ರೇಟ್ ಮಾತಾಡುವ ಮೇಜಿನ ಮೇಲೆ ತೆರೆದಿರುತ್ತದೆ.

ಕಾರು, ಸ್ಕೂಟರ್ ಜೋಡಿಸುವ ಕಂಪನಿಗೆ ನೇರ ಮಾಲು ಕೊಡುವವರು ಟಿಯರ್ ಒನ್. ಅವರಿಗೆ ಕೊಡುವವರು ಟಿಯರ್ ಟು. ಅದಕ್ಕೂ ಕೆಳಗೆ, ಪೀಣ್ಯ, ಕಾಮಾಕ್ಷಿಪಾಳ್ಯದಂಥ ಕಡೆ ಶೆಡ್ಡಿನಲ್ಲಿ ನಾಲ್ಕೈದು ಪ್ರೆಸ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು. ಇವರಿಗೆ ದುಡ್ಡು ಬರುವುದು ಸ್ಟ್ರೋಕ್ ಲೆಕ್ಕದಲ್ಲಿ. ಇಷ್ಟು ಟನ್ನಿನ ಪ್ರೆಸ್, ಒಂದು ಹೊಡೆತಕ್ಕೆ ಇಷ್ಟು ಪೈಸೆ. ಶೆಡ್ಡಿನ ಬಾಡಿಗೆ, ಕರೆಂಟು, ಆಪರೇಟರ್ ಕೂಲಿ, ಡೈ ಗ್ರೈಂಡಿಂಗ್ ಎಲ್ಲವೂ ಆ ಪೈಸೆಯೊಳಗೇ ಆಗಬೇಕು. ಸೇಫ್ಟಿ ಸೆನ್ಸರ್‌ಗೆ ಅದರಲ್ಲಿ ಪಾಲು ಇಟ್ಟಿರುವುದಿಲ್ಲ.

ಒಂದು ಲೆಕ್ಕ ನೋಡಿ. ಕೈಯಿಂದ ಬ್ಲ್ಯಾಂಕ್ (ಕತ್ತರಿಸಿದ ಶೀಟಿನ ತುಂಡು) ಇಟ್ಟು ಹೊಡೆಯುವ ಸಣ್ಣ ಬ್ರ್ಯಾಕೆಟ್. ಕಾಲಿನ ಪೆಡಲ್ ಇದ್ದರೆ ಒಂದು ಕೈ ಪೀಸ್ ತೆಗೆಯುವಷ್ಟರಲ್ಲಿ ಇನ್ನೊಂದು ಕೈ ಮುಂದಿನದನ್ನು ಇಡುತ್ತದೆ. ಒಂದಕ್ಕೆ 5 ಸೆಕೆಂಡ್ ಎಂದುಕೊಳ್ಳಿ, ಗಂಟೆಗೆ 720. ಅದೇ ಕೆಲಸವನ್ನು ಎರಡು ಕೈ ಬಟನ್‌ನಲ್ಲಿ ಮಾಡಿದರೆ ಪ್ರತಿ ಪೀಸಿಗೂ ಎರಡೂ ಕೈ ಹೊರಗೆ ಬಂದು ಒತ್ತಬೇಕು, 6 ಸೆಕೆಂಡ್, ಗಂಟೆಗೆ 600. ಏಳು ಗಂಟೆಯ ನಿಜವಾದ ಕೆಲಸದಲ್ಲಿ ವ್ಯತ್ಯಾಸ 840 ಪೀಸ್. ಟಾರ್ಗೆಟ್ ಬೋರ್ಡಿನಲ್ಲಿ ಗಂಟೆಗೆ 700 ಅಂತ ಬರೆದಿದ್ದರೆ, ಬಟನ್ ತೆಗೆದು ಪೆಡಲ್ ಹಾಕು ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಹಾಗಾಗಿ ಸೇರಿದ ದಿನವೇ ಟಾರ್ಗೆಟ್ ಬೋರ್ಡ್ ನೋಡಿ, ಮಷಿನ್‌ನಲ್ಲಿ ಇರುವುದು ಪೆಡಲ್ಲೋ ಬಟನ್ನೋ ನೋಡಿ, ಎರಡೂ ಹೊಂದುತ್ತವಾ ಅಂತ ಮನಸ್ಸಿನಲ್ಲೇ ಭಾಗಿಸಿ.

ಈಗ ಮಷಿನ್. ಸಿ-ಫ್ರೇಮ್ ಪ್ರೆಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಕ್ಲಚ್. ಹಳೆಯದು ಪಿನ್ ಅಥವಾ ರೋಲಿಂಗ್ ಕೀ ಕ್ಲಚ್. ಪೆಡಲ್ ಒತ್ತಿದ ಕೂಡಲೇ ಕೀ ಸದಾ ತಿರುಗುತ್ತಿರುವ ಭಾರದ ಚಕ್ರವಾದ ಫ್ಲೈವೀಲ್‌ಗೆ ಕಚ್ಚಿಕೊಳ್ಳುತ್ತದೆ, ಮೇಲಿನ ಅಚ್ಚನ್ನು (ಪಂಚ್) ಹಿಡಿದು ಮೇಲೆ ಕೆಳಗೆ ಓಡುವ ರ‍್ಯಾಮ್ ಒಂದು ಸುತ್ತು ಪೂರ್ತಿ ಮಾಡಿಯೇ ನಿಲ್ಲುತ್ತದೆ. ಮಧ್ಯದಲ್ಲಿ ನಿಲ್ಲಿಸಲು ದಾರಿಯಿಲ್ಲ. ನಿಮಿಷಕ್ಕೆ 45 ಸ್ಟ್ರೋಕಿನ ಪ್ರೆಸ್ ಆದರೆ ಒಂದು ಸುತ್ತಿಗೆ 1.33 ಸೆಕೆಂಡ್, ರ‍್ಯಾಮ್ ಕೆಳಗೆ ಬರಲು ಅದರ ಅರ್ಧ. ಕೀ ಸ್ಪ್ರಿಂಗ್ ಸಡಿಲವಾದರೆ, ಕೀಯ ಅಂಚು ಸವೆದರೆ, ಪೆಡಲ್ ಬಿಟ್ಟ ಮೇಲೂ ಕ್ಲಚ್ ಬಿಡದೆ ರ‍್ಯಾಮ್ ಎರಡನೇ ಸಲ ತಾನಾಗಿ ಇಳಿಯುತ್ತದೆ. ಇದಕ್ಕೆ ಶಾಪಿನಲ್ಲಿ ‘ಡಬಲ್ ಸ್ಟ್ರೋಕ್’ ಎನ್ನುತ್ತಾರೆ. ಪೀಸ್ ತೆಗೆಯಲು ಕೈ ಹೋಗಿರುವ ಕ್ಷಣವೇ ಅದು. ಶಿಫ್ಟಿನಲ್ಲಿ ಒಮ್ಮೆ ಡಬಲ್ ಸ್ಟ್ರೋಕ್ ಆದರೂ ಮಷಿನ್ ಆಫ್ ಮಾಡಿ, ಫ್ಲೈವೀಲ್ ನಿಲ್ಲುವವರೆಗೆ ಕಾದು, ಮೇಂಟೆನೆನ್ಸ್‌ನವರನ್ನು ಕರೆಯಬೇಕು. ‘ಒಂದು ಸಲ ಆಯ್ತು ಬಿಡು, ಓಡಿಸು’ ಎನ್ನುವ ಸೂಪರ್‌ವೈಸರ್ ಮಾತಿಗೆ ಆ ಮಷಿನ್ ಮುಂದೆ ಮತ್ತೆ ಕೂರಬೇಡಿ.

ಇಂಥ ಪ್ರೆಸ್‌ಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಮಷಿನ್ ನಿಲ್ಲಿಸಲು ಸಿಗ್ನಲ್ ಕೊಡುವ ಬೆಳಕಿನ ಪರದೆ) ಹಾಕಿ ಏನೂ ಉಪಯೋಗವಿಲ್ಲ, ಅದು ಸಿಗ್ನಲ್ ಕೊಟ್ಟರೂ ಮಷಿನ್ ನಿಲ್ಲುವುದಿಲ್ಲ. ಡೈ ಸುತ್ತ ಗಟ್ಟಿ ಗಾರ್ಡ್ ಬೇಕು, ಶೀಟ್ ಹೋಗುವಷ್ಟೇ ಸಂದಿ ಇರಬೇಕು. ಇಲ್ಲವೇ ಬೆರಳು ಹೋಗದಂತೆ ಪಂಚ್ ಮತ್ತು ಡೈ ನಡುವಿನ ತೆರಪು 6 ಮಿಲಿಮೀಟರ್ ಒಳಗೆ ಇರುವ ಹಾಗೆ ಸ್ಟ್ರೋಕ್ ಕಡಿಮೆ ಮಾಡಬೇಕು. ಎರಡೂ ಆಗದ ಕೆಲಸವನ್ನು ಪಿನ್ ಕ್ಲಚ್ ಮಷಿನ್ ಮೇಲೆ ಮಾಡಿಸಲೇಬಾರದು. ಮ್ಯಾಗ್ನೆಟ್ ಇರುವ ಚಿಮಟ ಒಳ್ಳೆಯದೇ, ಆದರೆ ಟಾರ್ಗೆಟ್ ಹಿಂದೆ ಬಿದ್ದ ಕೂಡಲೇ ಕೈಬಿಡುವುದು ಅದನ್ನೇ.

ಎರಡನೇ ಬಗೆಯದು, ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ನ್ಯೂಮ್ಯಾಟಿಕ್ ಕ್ಲಚ್ ಪ್ರೆಸ್, ಮಧ್ಯದಲ್ಲೂ ನಿಲ್ಲುತ್ತದೆ. ಅದಕ್ಕೇ ಅದರ ಮೇಲೆ ಲೈಟ್ ಕರ್ಟನ್, ಎರಡು ಕೈ ಬಟನ್ ಕೆಲಸ ಮಾಡುತ್ತವೆ. ಹಸಿರು ದೀಪ ಉರಿಯುತ್ತಿದೆ, ಸೆನ್ಸರ್ ಸರಿಯಿದೆ ಎಂದುಕೊಳ್ಳುವವರು ಇಲ್ಲಿ ಗಮನಿಸಬೇಕಾದದ್ದು ಕರ್ಟನ್‌ನಿಂದ ಡೈವರೆಗಿನ ಅಂತರ. ಕೈ ಸೆಕೆಂಡಿಗೆ 2,000 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತದೆ ಎಂದು ಹಿಡಿದು ಈ ಅಂತರ ಲೆಕ್ಕ ಹಾಕುತ್ತಾರೆ. ಕರ್ಟನ್ ಸಿಗ್ನಲ್ ಕೊಟ್ಟು ರ‍್ಯಾಮ್ ಪೂರ್ತಿ ನಿಲ್ಲಲು 0.15 ಸೆಕೆಂಡ್ ಬೇಕಾದರೆ, ಬೆರಳನ್ನೂ ಗುರುತಿಸುವ ಕರ್ಟನ್ ಡೈನಿಂದ ಕನಿಷ್ಠ 300 ಮಿಲಿಮೀಟರ್ ದೂರ ಇರಬೇಕು. ಬ್ರೇಕ್ ಲೈನರ್ ಸವೆದು ಅದೇ ಸಮಯ 0.25 ಸೆಕೆಂಡ್ ಆದರೆ 500 ಬೇಕು. ಕರ್ಟನ್ ಮಾತ್ರ 300ರಲ್ಲೇ ಕೂತಿರುತ್ತದೆ. ದೀಪ ಹಸಿರು, ಆಡಿಟ್ ಶೀಟಿನಲ್ಲಿ ಟಿಕ್, ಮಷಿನ್ ಮಾತ್ರ ಕೈ ತಲುಪಿದ ಮೇಲೆ ನಿಲ್ಲುತ್ತದೆ. ಹಾಗಾಗಿ ಸ್ಟಾಪಿಂಗ್ ಟೈಮ್ ಅಳೆದ ದಿನಾಂಕ ಎಲ್ಲಿದೆ ಎಂದು ಕೇಳಿ. ಅದು ಮಷಿನ್ ಮೇಲೆ ಅಂಟಿಸಿರಬೇಕಾದ ಮಾಹಿತಿ.

ಎರಡು ಕೈ ಬಟನ್‌ನಲ್ಲಿ ಸರಿಯಾದ ರಿಲೇ ಇದ್ದರೆ ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒತ್ತಬೇಕು, ಪ್ರತಿ ಸ್ಟ್ರೋಕಿಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ದುಡ್ಡು ಉಳಿಸಲು ಎರಡು ಬಟನ್‌ಗಳನ್ನು ಬರೀ ಸೀರೀಸ್‌ನಲ್ಲಿ ವೈರ್ ಮಾಡಿಬಿಟ್ಟಿದ್ದರೆ ಒಂದಕ್ಕೆ ಟೇಪ್ ಸುತ್ತಿ ಅಥವಾ ಮರದ ಚೂರು ಸಿಕ್ಕಿಸಿ ಇನ್ನೊಂದನ್ನು ಮಾತ್ರ ಒತ್ತಿಯೂ ಓಡಿಸಬಹುದು. ಪರೀಕ್ಷೆ ಸುಲಭ: ಡೈ ಖಾಲಿ ಇರುವಾಗ ಡೈ ಕೂರಿಸುವ ಸೆಟ್ಟರ್‌ಗೆ ಒಂದು ಬಟನ್ ಒತ್ತಿ ಹಿಡಿದು, ಎರಡು ಸೆಕೆಂಡ್ ಬಿಟ್ಟು ಇನ್ನೊಂದನ್ನು ಒತ್ತಲು ಹೇಳಿ. ರ‍್ಯಾಮ್ ಇಳಿದರೆ ಅದು ಸುರಕ್ಷತಾ ಬಟನ್ ಅಲ್ಲ.

ಇನ್ನೊಂದು ಅಪಾಯ ದೊಡ್ಡ ಪ್ಯಾನೆಲ್‌ಗಳಲ್ಲಿ. ಒಬ್ಬ ಇಡುತ್ತಾನೆ, ಎದುರಿನ ಹೆಲ್ಪರ್ ತೆಗೆಯುತ್ತಾನೆ, ಬಟನ್ ಜೋಡಿ ಒಂದೇ. ಬಟನ್ ಒತ್ತುವವನ ಕೈ ಕಾಪಾಡಿದ ಅದೇ ವ್ಯವಸ್ಥೆ ಹೆಲ್ಪರ್‌ನ ಕೈ ಮೇಲೆ ರ‍್ಯಾಮ್ ಇಳಿಸುತ್ತದೆ. ಇಬ್ಬರಿದ್ದರೆ ಎರಡು ಜೋಡಿ ಬಟನ್, ನಾಲ್ಕೂ ಒತ್ತಿದರೆ ಮಾತ್ರ ಸ್ಟ್ರೋಕ್. ಹೆಲ್ಪರ್ ಸಾಮಾನ್ಯವಾಗಿ ಕಾಂಟ್ರಾಕ್ಟರ್ ಕಡೆಯವನು, ಹೊಸಬ, ಎಷ್ಟೋ ಸಲ ಬಿಹಾರದಿಂದಲೋ ಒಡಿಶಾದಿಂದಲೋ ಬಂದವನು. ಕನ್ನಡದಲ್ಲಿ ಕೊಟ್ಟ ಎರಡು ನಿಮಿಷದ ಟ್ರೈನಿಂಗ್ ಅವನಿಗೆ ಅರ್ಥವೂ ಆಗಿರುವುದಿಲ್ಲ. ಅವನ ಭಾಷೆಯಲ್ಲಿ ಹೇಳಿಕೊಡುವುದು ಕಂಪನಿಯ ಹೊಣೆ.

ಕೈ ಒಳಗೆ ಹೋಗುವಂತೆ ಮಾಡುವುದು ಬಹಳ ಸಲ ಡೈಯ ಸ್ಥಿತಿ. ಎಣ್ಣೆ ಜಾಸ್ತಿಯಾಗಿ ಎರಡು ಬ್ಲ್ಯಾಂಕ್ ಅಂಟಿಕೊಂಡು ಬರುತ್ತವೆ. ಪೀಸನ್ನು ಪಂಚ್‌ನಿಂದ ಬಿಡಿಸುವ ಸ್ಟ್ರಿಪ್ಪರ್ ಸ್ಪ್ರಿಂಗ್ ಮುರಿದು ಪೀಸ್ ಪಂಚ್‌ಗೇ ಕಚ್ಚಿಕೊಂಡು ಮೇಲೆ ಹೋಗುತ್ತದೆ. ತೂತು ಹೊಡೆದಾಗ ಉದುರುವ ಚೂರು (ಸ್ಲಗ್) ಕೆಳಗೆ ಬೀಳದೆ ಪಂಚ್ ಜೊತೆ ಮೇಲೆ ಬಂದು ಡೈ ಮೇಲೆ ಕೂರುತ್ತದೆ, ಮುಂದಿನ ಪೀಸ್‌ಗೆ ಗುಳಿ ಬೀಳುತ್ತದೆ. ಆಪರೇಟರ್ ಅದನ್ನು ಬೆರಳಿನಲ್ಲಿ ತಳ್ಳುತ್ತಾನೆ. ಮೆತುವಾದ ಉಕ್ಕಿನ ಶೀಟಿಗೆ ಪಂಚ್-ಡೈ ಕ್ಲಿಯರೆನ್ಸ್ (ಪಕ್ಕದ ಸಂದಿ) ಒಂದು ಬದಿಗೆ ದಪ್ಪದ ಶೇಕಡಾ 5ರಿಂದ 8ರಷ್ಟು ಇಡುತ್ತಾರೆ, ಅಂದರೆ 1.6 ಮಿಲಿಮೀಟರ್ ಶೀಟಿಗೆ ಸುಮಾರು 0.08ರಿಂದ 0.13. ಡೈಯ ಅಂಚು ಮೊಂಡಾದಂತೆ ಬರ್, ಅಂದರೆ ಪೀಸಿನ ಅಂಚಿನ ಚೂಪು ಉಬ್ಬು, ಏರುತ್ತದೆ. ದಪ್ಪದ ಹತ್ತನೇ ಒಂದು ಭಾಗ ದಾಟಿದರೆ ಡೈ ಇಳಿಸಿ ಗ್ರೈಂಡಿಂಗ್‌ಗೆ ಕಳಿಸಬೇಕು ಎನ್ನುವುದು ರೂಢಿಯ ಮಿತಿ. ‘ಈ ಲಾಟ್ ಮುಗಿಸಿ ಇಳಿಸೋಣ’ ಅಂದಾಗ ಪೀಸ್ ಸಿಕ್ಕಿಕೊಳ್ಳುವುದು, ಕೈ ಹಾಕುವುದು ಎರಡೂ ಹೆಚ್ಚುತ್ತವೆ. ಡೈ ಸೆಟ್ಟಿಂಗ್ ಮಾಡುವಾಗಲಂತೂ ಮೋಟಾರ್ ಆಫ್, ಫ್ಲೈವೀಲ್ ಪೂರ್ತಿ ನಿಂತಿರಬೇಕು, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇರಬೇಕು. ಮೋಟಾರ್ ಆಫ್ ಮಾಡಿದ ಮೇಲೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ, ಒಂದು ಸ್ಟ್ರೋಕಿಗೆ ಸಾಕಾಗುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ.

ಕ್ವಾಲಿಟಿ ಒತ್ತಡವೂ ಇದಕ್ಕೇ ಸೇರಿದ್ದು. ಕಸ್ಟಮರ್ ಕೇಳುವುದು ಪಿಪಿಎಂ, ಹತ್ತು ಲಕ್ಷಕ್ಕೆ ಎಷ್ಟು ಕೆಟ್ಟ ಪೀಸ್ ಎಂದು. ತಿಂಗಳಿಗೆ 40,000 ಬ್ರ್ಯಾಕೆಟ್ ಕೊಡುವ ಕಂಪನಿಯಿಂದ ಒಂದೇ ಒಂದು ಕೆಟ್ಟ ಪೀಸ್ ಹೋದರೂ 25 ಪಿಪಿಎಂ. ಆ ಒಂದಕ್ಕೆ ಕಂಪನಿಯಿಂದ ಇಬ್ಬರು ಕಸ್ಟಮರ್ ಪ್ಲಾಂಟಿಗೆ ಹೋಗಿ ಸ್ಟಾಕ್ ಪೂರ್ತಿ ಸಾರ್ಟಿಂಗ್ ಮಾಡಬೇಕು, ದುಡ್ಡು ಕಡಿತದ ಡೆಬಿಟ್ ನೋಟ್ ಬರುತ್ತದೆ, ತಪ್ಪಿನ ಕಾರಣ ಮತ್ತು ಪರಿಹಾರ ವಿವರಿಸುವ 8ಡಿ ವರದಿ ಬರೆಯಬೇಕು. ಬೈಗುಳ ಬರುವುದು ಆಪರೇಟರ್‌ಗೆ. ಬೈದರೆ ಏನಾಗುತ್ತದೆ? ಮುಂದಿನ ಸಲ ಗೇಜ್‌ಗೆ ಕೂರದ ಪೀಸನ್ನು ಆತ ಕೆಟ್ಟ ಮಾಲನ್ನು ಲೆಕ್ಕಕ್ಕಿಡುವ ರೆಡ್ ಬಿನ್‌ಗೆ ಹಾಕುವುದಿಲ್ಲ, ಸ್ಕ್ರ್ಯಾಪ್ ಡಬ್ಬಿಯ ತಳಕ್ಕೆ ತಳ್ಳುತ್ತಾನೆ. ಲೆಕ್ಕಕ್ಕೇ ಸಿಗದ ಮೇಲೆ ಕಾರಣವೂ ಸಿಗುವುದಿಲ್ಲ.

ಸರಿಯಾದ ಕ್ರಮ ಹೀಗೆ. ಫಸ್ಟ್ ಪೀಸ್ ಅಪ್ರೂವಲ್ ಆಗದೆ ಲೈನ್ ಓಡಿಸಬಾರದು. ಎರಡು ಗಂಟೆಗೊಮ್ಮೆ ಚೆಕ್ಕಿಂಗ್ ಇದ್ದು, ಗಂಟೆಗೆ 500 ಬರುತ್ತಿದ್ದರೆ, ಚೆಕ್ಕಿಂಗ್‌ನಲ್ಲಿ ಒಂದು ತಪ್ಪು ಸಿಕ್ಕಿದ ಕೂಡಲೇ ಹಿಂದಿನ ಒಳ್ಳೆಯ ಚೆಕ್ಕಿಂಗ್‌ನಿಂದ ಈಚಿನ 1,000 ಪೀಸೂ ಅನುಮಾನದ ಮಾಲು. ಎಲ್ಲವನ್ನೂ ಬದಿಗಿಟ್ಟು ನೂರಕ್ಕೆ ನೂರು ನೋಡಬೇಕು. ಅದಕ್ಕೆ ಸಮಯ ಇಲ್ಲದ ಕಡೆ ಶಿಫ್ಟ್ ಕೊನೆಯಲ್ಲಿ ಕೂತು ರೀಡಿಂಗ್ ತುಂಬುತ್ತಾರೆ. ಶೀಟಿನಲ್ಲಿ ಎಲ್ಲ ಅಳತೆಯೂ ಒಂದೇ ರೀತಿ 12.02 ಅಂತ ಇದ್ದರೆ ವರ್ನಿಯರ್ ಮುಟ್ಟಿಯೇ ಇಲ್ಲ ಎಂದರ್ಥ. ಹೊಸಬರೇ, ಅಂಥ ಶೀಟಿಗೆ ಸಹಿ ಹಾಕಬೇಡಿ. ಕಂಪ್ಲೇಂಟ್ ಬಂದಾಗ ಹುಡುಕುವುದು ಆ ಸಹಿಯನ್ನೇ.

ಅಪಘಾತ ಆಗಿಯೇ ಬಿಟ್ಟರೆ ಮೊದಲ ಹತ್ತು ನಿಮಿಷ ಮುಖ್ಯ. ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಸಲೈನ್‌ನಲ್ಲಿ ತೇವ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ನೀರು ಒಳಬಾರದಂತೆ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಡಿ. ನೇರ ಐಸ್ ಮೇಲೆ ಇಟ್ಟರೆ ಜೀವಕೋಶ ಸತ್ತು ಜೋಡಿಸಲು ಬರುವುದಿಲ್ಲ. ಬೆರಳು ಹುಡುಕದೆ ಆಸ್ಪತ್ರೆಗೆ ಓಡುವುದೂ ನಡೆಯುತ್ತದೆ. ಒಬ್ಬರು ಗಾಯಾಳು ಜೊತೆ ಹೊರಟರೆ ಇನ್ನೊಬ್ಬರು ಡೈ ಹತ್ತಿರ ಹುಡುಕಲಿ.

ಇಎಸ್‌ಐ ವಿಷಯ, ಅಂದರೆ ನೌಕರರ ರಾಜ್ಯ ವಿಮೆ. ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಇದು ಅನ್ವಯ. ವಂತಿಗೆ ನೌಕರನಿಂದ ವೇತನದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25. ಕೆಲಸದ ಜಾಗದ ಗಾಯಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇದೆ, ಗುಣವಾಗುವವರೆಗೆ ವೇತನದ ಶೇಕಡಾ 90 ಸಿಗುತ್ತದೆ. ಬೆರಳು ಹೋದರೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದರ ಮೇಲೆ ಜೀವನಪೂರ್ತಿ ಹಣ: ಹೆಬ್ಬೆರಳು ಪೂರ್ತಿ ಹೋದರೆ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ಅದರ ಒಂದು ಗೆಣ್ಣು ಹೋದರೆ 9. ಕೆಲವು ಕಾಂಟ್ರಾಕ್ಟರ್‌ಗಳು ಅಪಘಾತ ಆದ ಮೇಲೆ ಐಪಿ ನಂಬರ್ (ಈ ವಿಮೆಯ ಗುರುತಿನ ಸಂಖ್ಯೆ) ಮಾಡಿಸುತ್ತಾರೆ, ಅಥವಾ ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿ ಕೈಗೆ ಸ್ವಲ್ಪ ದುಡ್ಡಿಟ್ಟು ಊರಿಗೆ ಕಳಿಸುತ್ತಾರೆ. ಅಪಘಾತದ ವರದಿ ಇಎಸ್‌ಐಗೆ ಹೋಗದಿದ್ದರೆ ಆ ಜೀವನಪೂರ್ತಿಯ ಹಣ ಪಡೆಯಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಸೇರಿದ ಎರಡು ವಾರದೊಳಗೆ ಐಪಿ ನಂಬರ್ ಮತ್ತು ಪಿಎಫ್‌ನ ಯುಎಎನ್ (ಖಾತೆಯ ಗುರುತಿನ ಸಂಖ್ಯೆ) ಎರಡನ್ನೂ ಕೇಳಿ ಪಡೆದು, ಮನೆಯವರ ಫೋನಿಗೂ ಕಳಿಸಿಡಿ. ಅಪ್ರೆಂಟಿಸ್ ಆಗಿ ಸೇರಿದವರಿಗೆ ಪಿಎಫ್, ಇಎಸ್‌ಐ ಇರುವುದಿಲ್ಲ, ಆದರೆ ಗಾಯದ ಪರಿಹಾರ ಕೊಡುವ ಹೊಣೆ ಮಾಲೀಕರದ್ದೇ. ಹಾಗಾಗಿ ಅಪ್ರೆಂಟಿಸ್ ಕರಾರಿನ ಪ್ರತಿ ನಿಮ್ಮ ಬಳಿಯೂ ಇರಲಿ.

ಓಟಿ ಲೆಕ್ಕ ಚಿಕ್ಕದು. ಓಟಿಗೆ ಹಿಡಿಯುವ ವೇತನ 15,600 ಇದ್ದರೆ, 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ 75. ಓಟಿ ದುಪ್ಪಟ್ಟು, ಅಂದರೆ 150. ನಾಲ್ಕು ಗಂಟೆಗೆ 600 ರೂಪಾಯಿ ಬರಬೇಕಾದಲ್ಲಿ 300 ಬರುತ್ತಿದ್ದರೆ ಸಿಂಗಲ್ ರೇಟ್ ಕೊಡುತ್ತಿದ್ದಾರೆ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಓಟಿಗೆ ದುಪ್ಪಟ್ಟು ಹಾಗೇ ಉಳಿದಿದೆ, ನೇಮಕಾತಿ ಪತ್ರ ಕಡ್ಡಾಯವಾಗಿದೆ. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೊಡಬೇಕಾದವರು ಕೆಲಸ ಮಾಡಿಸಿಕೊಂಡ ಮೂಲ ಕಂಪನಿ.

ಕೊನೆಯದಾಗಿ, ಗಾಡಿ ಕಂಪನಿಗಳ ಪರ್ಚೇಸ್ ವಿಭಾಗದಲ್ಲಿರುವ ಕನ್ನಡದ ಎಂಜಿನಿಯರ್‌ಗಳಿಗೆ. ನಿಮ್ಮ ಕಾಸ್ಟ್ ಶೀಟಿನಲ್ಲಿ ಮೆಟೀರಿಯಲ್, ಸ್ಕ್ರ್ಯಾಪ್, ಸ್ಟ್ರೋಕ್, ಪ್ಲೇಟಿಂಗ್, ಪ್ಯಾಕಿಂಗ್ ಸಾಲುಗಳಿವೆ. ಸೈಕಲ್ ಟೈಮ್ ಬರೆಯುವಾಗ ಎರಡು ಕೈ ಬಟನ್‌ನ ಆ ಒಂದು ಸೆಕೆಂಡನ್ನೂ ಸೇರಿಸಿ. ಗಾರ್ಡ್‌ಗೆ, ಬ್ರೇಕ್ ಲೈನರ್‌ಗೆ, ಸ್ಟಾಪಿಂಗ್ ಟೈಮ್ ಅಳೆಯುವುದಕ್ಕೆ ಒಂದು ಸಾಲು ಹಾಕಿ. ಆಡಿಟ್‌ಗೆ ಬರುವ ದಿನವನ್ನು ಹದಿನೈದು ದಿನ ಮುಂಚೆ ಮೇಲ್ ಮಾಡಬೇಡಿ; ಹಾಗೆ ಮಾಡಿದರೆ ನಿಮಗೆ ಕಾಣುವುದು ಬಣ್ಣ ಬಳಿದ ನೆಲ ಮತ್ತು ಆ ದಿನಕ್ಕೆ ಮಾತ್ರ ಆನ್ ಆದ ಸೆನ್ಸರ್. ಟಿಯರ್ ಒನ್‌ನ ಗೇಟಿನಲ್ಲೇ ನಿಲ್ಲದೆ ಅವರ ಜಾಬ್ ವರ್ಕ್ ಶೆಡ್‌ಗಳ ಪಟ್ಟಿ ಪಡೆದು, ರಾತ್ರಿ ಪಾಳಿಯಲ್ಲಿ, ಡಿಸ್ಪ್ಯಾಚ್ ಒತ್ತಡ ಇರುವ ತಿಂಗಳ ಕೊನೆಯ ವಾರದಲ್ಲಿ ಹೋಗಿ ಪೆಡಲ್ ಎಷ್ಟಿವೆ ಎಣಿಸಿ.