ನೀರು ಬಳಸುವವರ ಡೇರೆ

ಹಿಂದಿನ ಶಿವರಾತ್ರಿಗೆ ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೆ ಬಂದಾಗ, ಪೆಟ್ಟಿಗೆಯೊಳಗೆ ಹಿಡಿಸದೆ ಬೇರೆಯಾಗಿಯೇ ವಿಮಾನದ ಲಗೇಜಿಗೆ ಹಾಕಿದ್ದ ಒಂದು ದುಂಡನೆಯ ಚೀಲವನ್ನು ಹಜಾರದಲ್ಲಿ ಇಳಿಸಿದೆ. ಎರಡಡಿ ಅಗಲದ ಆ ಚಪ್ಪಟೆ ಚೀಲವನ್ನು ತಿರುಗಿಸಿ ನೋಡಿದ ಸೋದರತ್ತೆ, "ಇದೇನ್ ಮಗ, ಅಮೆರಿಕದ್ ಮೊರವಾ?" ಎಂದು ಕೇಳಿದರು. ಅದು ಪಾಪ್-ಅಪ್ ಟೆಂಟು, ಅಂದರೆ ಚೀಲದಿಂದ ತೆಗೆದು ಕೈಬಿಟ್ಟೊಡನೆ ತಾನಾಗಿ ಎದ್ದು ನಿಲ್ಲುವ ಶೌಚದ ಡೇರೆ. ಅದನ್ನು ಕೊಂಡದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ, ಅದರ ಗುಣದೋಷಗಳು ನನಗೆ ಅರ್ಥವಾದದ್ದು ಮಂಡ್ಯ ಜಿಲ್ಲೆಯಲ್ಲಿ.

ನಾನಿರುವ ಸಾಲ್ಟ್ ಲೇಕ್ ಸಿಟಿಯಿಂದ ನಾಲ್ಕು ಗಂಟೆ ಕಾರಿನಲ್ಲಿ ಹೋದರೆ ಮೋಆಬ್ ಎಂಬ ಕೆಂಪುಬಂಡೆಗಳ ಊರು ಸಿಗುತ್ತದೆ. ಅದರ ಸುತ್ತಲಿನ ಸರ್ಕಾರಿ ಬಯಲಿನ ಎಷ್ಟೋ ಕಡೆ ಡೇರೆ ಹಾಕಿ ಉಳಿಯುವವರು ಶೌಚದ ಪೆಟ್ಟಿಗೆಯನ್ನು ತಾವೇ ಒಯ್ಯಬೇಕು, ಮಲವನ್ನು ಅಲ್ಲಿ ಹೂಳದೆ ಚೀಲದಲ್ಲಿ ಕಟ್ಟಿ ವಾಪಸು ತರಬೇಕು. ಮರುಭೂಮಿಯ ಒಣ ಮಣ್ಣಿನಲ್ಲಿ ಹೂತದ್ದು ಬೇಗ ಕರಗುವುದಿಲ್ಲ. ಹೂಳಲು ಅವಕಾಶವಿರುವ ಕಾಡುಗಳಲ್ಲಿ ನೀರಿನಿಂದ 200 ಅಡಿ ದೂರ, 6ರಿಂದ 8 ಅಂಗುಲ ಆಳ ಎಂಬ ಲೆಕ್ಕವನ್ನು ಅಲ್ಲಿ ಮಕ್ಕಳಿಗೂ ಕಲಿಸುತ್ತಾರೆ. ಹೀಗಾಗಿ ಅಲ್ಲಿನವರಿಗೆ ಡೇರೆ ಎಂದರೆ ಬಕೆಟ್ಟಿನ ಮೇಲಿನ ಆಸನ, ಅದರೊಳಗಿನ ಚೀಲ, ದ್ರವವನ್ನು ಗಟ್ಟಿ ಮಾಡುವ ಪುಡಿ ಮತ್ತು ಕಾಗದದ ಸುರುಳಿ, ಇಷ್ಟರ ಸುತ್ತ ಕಟ್ಟಿದ ಮರೆ. ಕಾಗದ ಬಳಸುವವರ ಪಾಲಿಗೆ ಅದರ ವಿನ್ಯಾಸದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ನಮ್ಮೂರಿನ ಅಗತ್ಯ ಬೇರೆ. ಪ್ರತಿ ಶಿವರಾತ್ರಿಗೆ ನಮ್ಮ ಕಡೆಯ ಜನ ಕೊಳ್ಳೇಗಾಲ, ಹನೂರು, ತಾಳಬೆಟ್ಟದ ದಾರಿಯಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಹಿಂದೆ ಅಡುಗೆಯ ಪಾತ್ರೆ, ಸೌದೆ, ಹಾಸಿಗೆ ಹೊತ್ತ ಗೂಡ್ಸ್ ಆಟೊ ಬರುತ್ತದೆ. ಗಂಡಸರಿಗೆ ದಾರಿಯುದ್ದಕ್ಕೂ ಬಯಲೇ ಬಯಲು. ಹೆಂಗಸರು ಮಾತ್ರ ನಸುಕಿಗೆ ಮುಂಚೆ ಎದ್ದು ಕಬ್ಬಿನ ಗದ್ದೆಯ ಮರೆ ಹುಡುಕಬೇಕು, ಅದು ಸಿಗದಿದ್ದರೆ ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿಯಬೇಕು, ಹಗಲಾದ ಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಬೇಕು. ಬಿಸಿಲಿನಲ್ಲಿ ಇಪ್ಪತ್ತು ಕಿಲೋಮೀಟರು ನಡೆಯುವವರು ಬಾಯಾರಿಕೆಯನ್ನು ಹತ್ತಿಕ್ಕಿಕೊಳ್ಳುವುದನ್ನು ನನ್ನ ತಾಯಿಯಲ್ಲಿ ಚಿಕ್ಕಂದಿನಿಂದ ಕಂಡಿದ್ದೆ. ಡೇರೆಯನ್ನು ತಂದದ್ದು ಅದಕ್ಕಾಗಿಯೇ. ಮರೆಯ ಕಲ್ಪನೆಯೇನೂ ನಮ್ಮವರಿಗೆ ಹೊಸದಲ್ಲ. ತೆಂಗಿನ ಗರಿ ಹೆಣೆದ ತಡಿಕೆಯ ಬಚ್ಚಲು ನಮ್ಮ ಹಿತ್ತಲಲ್ಲಿ ನನ್ನ ಹೈಸ್ಕೂಲಿನ ದಿನಗಳವರೆಗೂ ಇತ್ತು. ಆದರೆ ತಡಿಕೆಯನ್ನು ಹೊತ್ತು ಊರಿಂದೂರಿಗೆ ನಡೆಯಲಾಗದು, ಈ ಡೇರೆಯ ತೂಕವೋ ಎರಡೂವರೆ ಕಿಲೋ.

ಮೊದಲ ದಿನದ ಬೆಳಗ್ಗೆಯೇ ನನ್ನ ಆಯ್ಕೆಯ ತಪ್ಪು ಹೊರಬಿತ್ತು. ನಾನು ಕೊಂಡದ್ದು ಗೋಡೆಗೆ ಹೊಲಿದ ನೆಲಹಾಸು ಇರುವ ಡೇರೆ. ಯೂಟಾದಲ್ಲಿ ಅದು ಅನುಕೂಲವೇ, ಕಾಲಿಗೆ ಮಣ್ಣು ಹತ್ತುವುದಿಲ್ಲ, ಹುಳು ಒಳಗೆ ಬರುವುದಿಲ್ಲ. ನಮ್ಮವರು ಒಬ್ಬೊಬ್ಬರೂ ಒಂದೊಂದು ಚೊಂಬು ನೀರಿನೊಡನೆ ಒಳಗೆ ಹೋದರು, ಮೂರನೆಯವರು ಹೊರಬರುವ ಹೊತ್ತಿಗೆ ನೆಲಹಾಸು ಸಣ್ಣ ಕಟ್ಟೆಯಾಗಿತ್ತು. ಬಕೆಟ್ಟಿನ ಲೆಕ್ಕವೂ ಹೀಗೆಯೇ ಕೈಕೊಟ್ಟಿತು. ಸುಮಾರು 19 ಲೀಟರು ಹಿಡಿಯುವ ಬಕೆಟ್ಟಿಗೆ ತೊಳೆದ ನೀರೂ ಸೇರುತ್ತಾ ಹೋದರೆ ಹದಿನೈದು ಜನರ ಗುಂಪಿಗೆ ಅದು ಒಂದು ಬೆಳಗಿಗೂ ಸಾಲದು, ತುಂಬಿದ್ದನ್ನು ಎತ್ತುವವರೂ ಸಿಗರು. ಅತ್ತೆ ಆ ಕೂಡಲೇ ಕತ್ತರಿ ತರಿಸಿ, ನನ್ನ ಒಪ್ಪಿಗೆಗೆ ಕಾಯದೆ, ನೆಲಹಾಸನ್ನು ಹೊಲಿಗೆಯ ಗುಂಟ ಕತ್ತರಿಸಿ ತೆಗೆದರು. ಗುದ್ದಲಿಯಿಂದ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಎರಡು ಕಡೆ ಹಲಗೆ ಇಟ್ಟು, ಅದರ ಮೇಲೆ ಡೇರೆಯನ್ನು ಕೂರಿಸಿದೆವು. ಪುಡಿಯ ಬದಲಿಗೆ ಒಲೆಯ ಬೂದಿ ಇತ್ತು, ಪ್ರತಿಯೊಬ್ಬರೂ ಹೊರಬರುವ ಮುನ್ನ ಒಂದೊಂದು ಹಿಡಿ ಹಾಕಿದರು. ನಾಲೆಯಿಂದ 200 ಅಡಿ ದೂರ ಎಂಬ ಒಂದು ವಿಷಯದಲ್ಲಿ ಮಾತ್ರ ನಾನು ಯೂಟಾದ ಪಾಠವನ್ನು ಬಿಟ್ಟುಕೊಡಲಿಲ್ಲ, ಹೆಜ್ಜೆ ಎಣಿಸಿಯೇ ಜಾಗ ತೋರಿಸಿದೆ. ಹಳೆಯ ಗುಂಡಿಯನ್ನು ಮುಚ್ಚಿಯೇ ಹೊರಡುವ ಶಿಸ್ತು ನಮ್ಮಲ್ಲಿ ಇನ್ನೂ ಬರಬೇಕಾಗಿದೆ, ಈ ಮಾತನ್ನು ಊರಲ್ಲಿ ಹೇಳಿ ಬೈಸಿಕೊಂಡಿದ್ದೇನೆ ಕೂಡ.

ಆದ್ದರಿಂದ ಕೊಳ್ಳುವವರು ಬೆಲೆಗಿಂತ ಮೊದಲು ತಳವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ: ತಳವಿಲ್ಲದ್ದು, ಇಲ್ಲವೇ ಜಿಪ್ಪಿನಿಂದ ಬಿಚ್ಚಿ ತೆಗೆಯಬಹುದಾದ ತಳವಿರುವುದು. ಎರಡನೆಯದು ಅಗಲ. ಮೂರಡಿ ಚೌಕದ ಡೇರೆಗಳು ಅಗ್ಗಕ್ಕೆ ಸಿಗುತ್ತವೆ, ಪ್ಯಾಂಟು ತೊಟ್ಟವರಿಗೆ ಸಾಕಾಗಲೂಬಹುದು. ಸೀರೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕುಳಿತು, ಬದಿಯಲ್ಲಿ ನೀರಿನ ಬಕೆಟ್ಟನ್ನೂ ಇಟ್ಟುಕೊಳ್ಳುವವರಿಗೆ ನಾಲ್ಕಡಿ ಚೌಕಕ್ಕಿಂತ ಕಡಿಮೆಯಾದರೆ ಮೊಣಕೈ ಬಟ್ಟೆಗೆ ತಾಗಿ ಡೇರೆಯೇ ಅಲುಗಾಡುತ್ತದೆ, ಹೊರಗೆ ಕಾಯುತ್ತಿರುವವರಿಗೆ ನಗು. ಮಂಡಿನೋವಿನವರಿಗಾಗಿ ನಡುವೆ ತೂತಿರುವ ಮಡಿಸುವ ಕುರ್ಚಿಯನ್ನು ಗುಂಡಿಯ ಮೇಲೆ ಇಡಬೇಕಾದರೂ ಅಷ್ಟು ಜಾಗ ಬೇಕು. ಎತ್ತರ ಆರೂವರೆ ಅಡಿ ಇದ್ದರೆ ಸ್ನಾನಕ್ಕೂ, ಬಟ್ಟೆ ಬದಲಿಸುವುದಕ್ಕೂ ಅದೇ ಡೇರೆ ಒದಗುತ್ತದೆ.

ಬಟ್ಟೆಯ ಪರೀಕ್ಷೆಯನ್ನು ರಾತ್ರಿ ಮಾಡಬೇಕು. ಒಳಗೆ ಟಾರ್ಚು ಹಚ್ಚಿ ಒಬ್ಬರನ್ನು ನಿಲ್ಲಿಸಿ ಹೊರಗಿನಿಂದ ನೋಡಿದರೆ, ತೆಳು ಪಾಲಿಯೆಸ್ಟರಿನ ಗೋಡೆ ತೊಗಲುಗೊಂಬೆಯಾಟದ ಪರದೆಯಂತೆ ನೆರಳನ್ನೆಲ್ಲ ಬಯಲಿಗೆ ತರುತ್ತದೆ. ಒಳಮೈಗೆ ಬೆಳ್ಳಿಬಣ್ಣದ ಅಥವಾ ಕಪ್ಪು ಲೇಪವಿರುವ ಬಟ್ಟೆಯಲ್ಲಿ ಈ ಮುಜುಗರವಿಲ್ಲ, ಆದರೆ ನಮ್ಮ ಮಾರ್ಚಿನ ಬಿಸಿಲಿಗೆ ಅದರೊಳಗೆ ಸೆಕೆ ಹೆಚ್ಚು, ಮೇಲ್ಭಾಗದಲ್ಲಿ ಬಲೆಯ ಕಿಟಕಿ ಇರಲೇಬೇಕು. ಜಿಪ್ಪು ಒಳಗಿನಿಂದಲೂ ಹೊರಗಿನಿಂದಲೂ ಎಳೆಯುವಂತಿರಲಿ.

ಇನ್ನು ಮಡಿಸುವ ವಿಷಯ. ತೆರೆಯಲು ಒಂದು ಕ್ಷಣ ಸಾಕಾಗುವ ಈ ವಸ್ತು ಮಡಿಸುವಾಗ ಎಂಥವರ ಮಾನವನ್ನೂ ಕಳೆಯುತ್ತದೆ. ಚೀಲದ ಮೇಲೆ ಅಚ್ಚಾಗಿರುವ ಆರು ಚಿತ್ರಗಳಲ್ಲಿ ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಏನು ನಡೆಯುತ್ತದೆಂಬುದು ಯೂಟಾದಲ್ಲಿ ನನಗೆ ಎರಡು ವರ್ಷ ತಿಳಿಯಲಿಲ್ಲ. ವಿಡಿಯೊ ನೋಡಿ, ನಿಲ್ಲಿಸಿ, ಮತ್ತೆ ನೋಡಿ, ಕೊನೆಗೆ ಅರ್ಧ ಮಡಿಸಿದ್ದನ್ನೇ ಕಾರಿನ ಹಿಂದಿನ ಸೀಟಿಗೆ ತುರುಕಿ ಮನೆಗೆ ಬಂದದ್ದುಂಟು. ಅಲ್ಲಿ ಯಾರೂ ಪಕ್ಕದವರ ಡೇರೆಗೆ ಕೈ ಹಾಕುವುದಿಲ್ಲ, ಅದು ಅವರ ಮರ್ಯಾದೆ. ಕೊಳ್ಳೇಗಾಲದ ಹೊರವಲಯದ ತೋಪಿನಲ್ಲಿ ನಾನು ಹೆಣಗುತ್ತಿದ್ದಾಗ ಏಳು ಜನ ಸುತ್ತ ನಿಂತು ಏಳು ಬಗೆಯ ಸಲಹೆ ಕೊಟ್ಟರು. ಎಂಟನೆಯವರು ನಮ್ಮ ಚಿಕ್ಕಪ್ಪ, ಮಂಡ್ಯದ ಮರಗೆಲಸದ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಡೇರೆಯ ಅಂಚಿನ ಉಕ್ಕಿನ ತಂತಿಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ಬ್ಯಾಂಡ್ ಸಾ ಬ್ಲೇಡ್ ಇದ್ದಂಗೆ ಕಣ್ಲಾ. ಎರಡು ಸುತ್ತು ಮಾಡಕ್ಕೋದ್ರೆ ಒಪ್ಪಲ್ಲ, ಮೂರು ಅಂದ್ರೆ ತಾನೇ ಬತ್ತದೆ," ಎಂದರು. ಬ್ಯಾಂಡ್ ಸಾ ಎಂದರೆ ಬಳೆಯಂತೆ ತುದಿ ಬೆಸೆದ ಹಲ್ಲಿನ ಉಕ್ಕಿನ ಪಟ್ಟಿಯಿಂದ ಮರ ಕೊಯ್ಯುವ ಯಂತ್ರ.

ಅವರು ಮಾಡಿದ್ದು ಇಷ್ಟು. ಗಾಳಿ ಹೊರಹೋಗಲೆಂದು ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಎದುರುಬದುರಿನ ಎರಡು ಮೂಲೆಗಳನ್ನು ಒತ್ತಿ ಡೇರೆಯನ್ನು ಚಪ್ಪಟೆ ಮಾಡಿ, ಪುಸ್ತಕ ಮುಚ್ಚುವಂತೆ ನಡುವೆ ಮಡಿಸಿದರು. ಈಗ ನಾಲ್ಕು ಗೋಡೆಗಳೂ ಒಂದರ ಮೇಲೊಂದು ಕೂತ ಉದ್ದನೆಯ ಒಂದೇ ಹಾಳೆ. ಅದನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನ ಅಂಚನ್ನು ಪಾದದಿಂದ ಒತ್ತಿ ಹಿಡಿದು, ಮೇಲಿನ ಅಂಚನ್ನು ನೆಲದ ಕಡೆಗೆ ಬಾಗಿಸುತ್ತಾ ಮಣಿಕಟ್ಟನ್ನು ಒಳಕ್ಕೆ ತಿರುಚಿದರು. ನಡುಭಾಗ ಎರಡೂ ಬದಿಗೆ ಉಬ್ಬಿತು, ಉಬ್ಬಿದ ಬಳೆಗಳನ್ನು ಒಂದರ ಮೇಲೊಂದು ಸರಿಸಿದೊಡನೆ ಮೂರು ಸುತ್ತಿನ ಚಕ್ರ ಅವರ ಕೈಯಲ್ಲಿತ್ತು. ತುದಿಗಳನ್ನು ಬೆಸೆದ ಉಕ್ಕಿನ ಬಳೆ ಹೀಗೆ ಮೂರು ಸುತ್ತಾಗಿ ಮಡಿಸಿಕೊಳ್ಳುವುದರ ಹಿಂದಿನ ಗಣಿತವನ್ನು ಬೆಲ್ಜಿಯಂನ ಸಂಶೋಧಕರು 2012ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ, ಇಂಥ ಡೇರೆಗಳನ್ನೂ ಅಲ್ಲಿ ಹೆಸರಿಸಿದ್ದಾರೆ. ಚಿಕ್ಕಪ್ಪನಿಗೆ ಅದನ್ನು ಹೇಳಿದಾಗ, ಬ್ಲೇಡು ಕೈ ಕುಯ್ಯುತ್ತದೆ, ಇದು ಕುಯ್ಯುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದರು. ಕುಯ್ಯದಿದ್ದರೂ ಮುಖಕ್ಕೆ ಬಡಿಯುತ್ತದೆ, ಹಿಡಿತ ಸಡಿಲಿದ ಕ್ಷಣದಲ್ಲಿ ನನ್ನ ಕನ್ನಡಕ ಹಾರಿದ್ದು ಹಾಗೆ. ಬಲವಂತವಾಗಿ ಮುರಿದು ಮಡಿಸಿದರೆ ತಂತಿ ಶಾಶ್ವತವಾಗಿ ಸೊಟ್ಟಗಾಗುತ್ತದೆ, ಒದ್ದೆಯಾಗಿ ಮಡಿಸಿಟ್ಟರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಡೇರೆಯನ್ನು ಅತ್ತೆಯ ಮನೆಯಲ್ಲೇ ಬಿಟ್ಟು ಬಂದೆ. ಜೊತೆಗೆ ಬಂದಿದ್ದ ಕಡ್ಡಿಯಂಥ ಅಲ್ಯುಮಿನಿಯಂ ಗೂಟಗಳು ಹನೂರಿನ ದಾರಿಯ ಕಲ್ಲುನೆಲಕ್ಕೆ ಬಾಗಿ ಹೋಗಿದ್ದವು, ಒಮ್ಮೆ ಗಾಳಿಗೆ ಡೇರೆ ಉರುಳಿ ಗದ್ದೆಯ ಬದುವಿನವರೆಗೂ ಓಡಿತ್ತು, ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಈಗ ಚಿಕ್ಕಪ್ಪ ಮನೆ ಕಟ್ಟುವ ಕಂಬಿಯಿಂದ ಒಂದಡಿ ಉದ್ದದ ಎಂಟು ಗೂಟಗಳನ್ನು ಕುಲುಮೆಯಲ್ಲಿ ಕೊಕ್ಕೆ ಬಾಗಿಸಿ ಮಾಡಿಸಿಟ್ಟಿದ್ದಾರೆ. ಮುಂದಿನ ಶಿವರಾತ್ರಿಗೆ ಇನ್ನೊಂದು ಡೇರೆ ಬೇಕಂತೆ, ತಳವಿಲ್ಲದ್ದು, ಗೂಟವಿಲ್ಲದೆಯೂ ನಡೆಯುತ್ತದೆಂದು ಫೋನಿನಲ್ಲಿ ತಿಳಿಸಿದ್ದಾರೆ.