ಹಿಂದೆ ಸರಿ ಉಂಟಾ?

ನಮ್ಮ ಪೇಟೆಯ ಸೆಲೂನಣ್ಣನಿಗೆ ಕಸುಬಿನ ಬಗ್ಗೆ ಜಂಬ ಸ್ವಲ್ಪ ಜಾಸ್ತಿ. ಕುರ್ಚಿಯಲ್ಲಿ ಕೂತ ತಲೆ ಯಾವ ಭಾಷೆಯದ್ದು ಅಂತ ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಗುತ್ತದಂತೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ವೇದಿಕೆಯಲ್ಲಿ ಹೊಗಳುತ್ತಾರಲ್ಲ, ಆ ಸಂಗಮ ನೋಡಬೇಕಾದರೆ ಭಾನುವಾರ ಬೆಳಿಗ್ಗೆ ಅಣ್ಣನ ಬೆಂಚಿಗೆ ಬನ್ನಿ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಒಂದೇ ಪೇಪರಿಗೆ ಕಿತ್ತಾಡುತ್ತಿರುತ್ತವೆ. ಕೂದಲು ಕೆಳಗೆ ಬಿದ್ದ ಮೇಲೆ ಒಂದೇ ರಾಶಿ. ಗುಡಿಸುವಾಗ ಅಣ್ಣ ಬೇರೆ ಬೇರೆ ಮಾಡುವುದಿಲ್ಲ.

ಇಂಥ ಅಣ್ಣನಿಗೆ ಒಂದು ಕಚೇರಿಯಿಂದ ನೋಟೀಸು ಬಂತು. ಪೂರ್ತಿ ಮಲಯಾಳ. ಅಣ್ಣ ಮಲಯಾಳದಲ್ಲಿ ಜಗಳವನ್ನೇ ಮಾಡಬಲ್ಲರು, ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ. ಅಕ್ಷರ ಬರುವುದಿಲ್ಲ. ಅರ್ಥವಾದದ್ದು ಸೀಲು ಮತ್ತು 15 ಎಂಬ ಅಂಕೆ, ಅಷ್ಟೇ.

"15 ದಿನವಾ, 15 ಸಾವಿರವಾ ಮಾಷ್ಟ್ರೇ?"

ರಿಟೈರಾದ ಮಾಷ್ಟ್ರು ಕನ್ನಡಕ ಏರಿಸಿದರು, ಇಳಿಸಿದರು. ಅವರದ್ದೂ ಕನ್ನಡ ಶಾಲೆಯೇ. ರಿಕ್ಷಾದವನು "ಅಂಗಡಿ ಎದುರು ರಸ್ತೆ ಅಗಲ ಮಾಡುತ್ತಾರಂತೆ" ಅಂದ. ಈಗ ನಮ್ಮಲ್ಲಿ ಏನೇ ಕಾಗದ ಬಂದರೂ ಮೊದಲ ಸಂಶಯ ಅದೇ. ಕೊನೆಗೆ ಮಲಯಾಳ ಮೀಡಿಯಂ ಕಾಲೇಜು ಹುಡುಗನೊಬ್ಬ ಸಿಕ್ಕಿದ. ಟಿವಿಯವರ ಹಾಗೆ ಗಡಗಡ ಓದಿದ.

"ಎಂತ ಅಂತೆ?"

"ಅದು ಆಫೀಸ್ ಮಲಯಾಳ ಅಣ್ಣಾ. ಓದಲಿಕ್ಕೆ ಬರ್ತದೆ, ಅರ್ಥ ಆಗುವುದಿಲ್ಲ."

ಸರ್ಕಾರಿ ಕಾಗದಪತ್ರದ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಕೂತ ಮೇಲೆ ವಿಷಯ ತಿಳಿಯಿತು. ಗಿರಾಕಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ದರಪಟ್ಟಿ ಹಾಕಬೇಕಂತೆ. ಹದಿನೈದು ದಿನದೊಳಗೆ.

ಅಣ್ಣ ನಗಲೂ ಇಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಕತ್ತರಿಯನ್ನು ಗಾಳಿಯಲ್ಲೇ ನಾಲ್ಕು ಸಲ ಟಕಟಕ ಅನ್ನಿಸಿದರು. ಅವರಿಗೆ ಸಿಟ್ಟು ಬಂದರೆ ಹಾಗೆ.

ಮಾಷ್ಟ್ರಿಗೆ ಈಗ ಉಮೇದು ಬಂತು. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಅಂದರು. ಚೆಂದದ ಕನ್ನಡದಲ್ಲಿ ಅರ್ಜಿ ಹೋಯಿತು: ದಯವಿಟ್ಟು ನೋಟೀಸನ್ನು ಕನ್ನಡದಲ್ಲಿ ಕಳಿಸಿ. ಉತ್ತರವೂ ಬಂತು, ಮಲಯಾಳದಲ್ಲಿ. ಅಹವಾಲು ಯಾವ ಭಾಷೆಯಲ್ಲಿ ಕೊಡಬಹುದು ಅಂತ ಆ ವಿಧಿ ಹೇಳುತ್ತದೆ, ಉತ್ತರದ ಸುದ್ದಿಗೆ ಹೋಗುವುದಿಲ್ಲ. ನೋಡಿ, ಎಷ್ಟು ಜಾಣತನ!

ಮತ್ತೆ ಅಕ್ಷಯ ಕೇಂದ್ರ. ಉತ್ತರದಲ್ಲಿ ಇದ್ದದ್ದು ಇಷ್ಟು: ಅರ್ಜಿ ಅರ್ಥವಾಗಲಿಲ್ಲ, ಅನುವಾದ ಲಗತ್ತಿಸಿ.

"1956ರಲ್ಲಿ ನಮ್ಮನ್ನು ದಕ್ಷಿಣ ಕನ್ನಡದಿಂದ ಕತ್ತರಿಸಿ ಕೇರಳಕ್ಕೆ ಸೇರಿಸಿದರು," ಮಾಷ್ಟ್ರು ಶುರು ಮಾಡಿದರು. "1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಲಿ ಅಂದಿತು. ಮತ್ತೆ ಕತ್ತರಿ ಯಾರೂ ಮುಟ್ಟಲಿಲ್ಲ." ನವೆಂಬರ್ 1ಕ್ಕೆ ಅಲ್ಲಿಯವರಿಗೆ ರಾಜ್ಯೋತ್ಸವ, ಇಲ್ಲಿಯವರಿಗೆ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಎರಡು ಕಡೆಯ ಭಾಷಣಕಾರರಿಗೂ ಮುಂಚಿನ ದಿನ ಗಡ್ಡ ಹೆರೆಯುವುದು ನಮ್ಮ ಅಣ್ಣನೇ.

ಅಣ್ಣನಿಗೆ ಇತಿಹಾಸ ಗೊತ್ತಿಲ್ಲ, ಕಸುಬು ಗೊತ್ತು. "ಕಟ್ಟಿಂಗ್ ಆದ ಮೇಲೆ ನಾನು ಹಿಂದೆ ಕನ್ನಡಿ ಹಿಡಿದು ಸರಿ ಉಂಟಾ ಅಂತ ಕೇಳ್ತೇನೆ ಮಾಷ್ಟ್ರೇ. ಅವರು ಕೇಳಲಿಲ್ಲವಾ?"

ಮಾಷ್ಟ್ರು ಪೇಪರ್ ತಿರುಗಿಸಿದರು.

ಇನ್ನು ದರಪಟ್ಟಿ. ಹಟಕ್ಕೆ ಬಿದ್ದ ಅಣ್ಣ ಏಳು ಭಾಷೆಯಲ್ಲಿ ಬರೆಸುತ್ತೇನೆ ಅಂತ ದೊಡ್ಡ ಹಲಗೆಯನ್ನೇ ತಂದರು. ಬೆಂಚಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕೇಳಿದರು, ನಿಮ್ಮಲ್ಲಿ ಇದಕ್ಕೆ ಎಂತ ಹೇಳುತ್ತೀರಿ? ಕೊಂಕಣಿಯವರು ಕಟ್ಟಿಂಗ್ ಅಂದರು. ಬ್ಯಾರಿಯವರು ಕಟ್ಟಿಂಗ್. ತುಳುವರೂ ಕಟ್ಟಿಂಗೇ. ಹಲಗೆಯಲ್ಲಿ ಮುಕ್ಕಾಲು ಭಾಗ ಖಾಲಿ ಉಳಿಯಿತು.

ಕಚೇರಿಯ ಉತ್ತರದ ಕಾಗದ ಒಳ್ಳೆ ದಪ್ಪ ಇತ್ತು. ಮೊನ್ನೆ ನನ್ನ ಗಡ್ಡದ ನೊರೆ ಒರೆಸಲು ಅದರ ಒಂದು ಚೂರು ಬಂತು. ಸೀಲು ಬಿದ್ದ ಮೂಲೆಯನ್ನು ಮಾತ್ರ ಅಣ್ಣ ನೀಟಾಗಿ ಕತ್ತರಿಸಿ ಕನ್ನಡಿಯ ಸಂದಿಗೆ ಸಿಕ್ಕಿಸಿ ಇಟ್ಟಿದ್ದಾರೆ.